ನಾಳೆ ಒಂದಿನ ರಜಾ

...ಇಲ್ಲ ಕೆಂಪಕ್ಕ, ಹೇಳಿದ್ದು ಹೇಳಿದ್ದೇ! ನಾಳೆ ರಜಾ ತಗೋ. ಯಾಕೆ ಹಂಗ್ ನೋಡ್ತೀಯ? ಗೈಡ್ ಆಶಾರಾಣಿ ಕಸ ಗುಡಿಸೋರಿಗೆ ರಜಾ ಕೊಡಿಸಬಾರ್ದಾ? ಅಟ್ಟೂರಿಂದ ದಿನಾ ಬಸ್ಸಲ್ಲಿ ನೇತಾಡ್ಕೊಂಡ್ ಬರ್ತೀಯ, ಒಂದಿನ ಸುಧಾರಿಸ್ಕೋ ಅಂದೆ. ಅಷ್ಟೇ!

ಹೌದು, ನಾಳೆ ಟ್ರೈನಿಂಗು. ಬೇರೆ ಬೇರೆ ಮ್ಯೂಸಿಯಂನಿಂದ ಇಪ್ಪತ್ತು ಜನ ಗೈಡ್‌ಗಳು ನಮ್ಮ ಮ್ಯೂಸಿಯಂಗೆ ಬರ್ತಾರೆ. ಮಕ್ಕಳಿಗೆ ಹೆಂಗ್ ಹೇಳ್ಕೊಡೋದು ಅಂತ ಅವರಿಗೆ ತೋರಿಸೋಳು ಯಾರು? ನಾನು! ಹದಿನಾಲ್ಕು ವರ್ಷ ಬೋರ್ಡಲ್ಲಿದ್ದಿದ್ದು ಓದಿ ಓದಿ ಹೇಳ್ದೆ, ಮಕ್ಕಳು ಆಕಳಿಸಿದ್ವು. ಈಗ? ‘ಕಣ್ಣು ಮುಚ್ಚಿ, ಕೈಗೆ ಕೊಟ್ಟಿದ್ದು ಏನು ಹೇಳಿ’ ಅಂತೀನಿ. ವಾಪಸ್ ಸ್ಕೂಲ್ ಬಸ್ ಹತ್ತಪ್ಪಾ ಅಂದ್ರೂ ಹತ್ತಲ್ಲ ಅವು!

ಯಾಕ್ ನಗ್ತೀಯ?

ನೀನು ಗುಡಿಸ್ತಾ ಗುಡಿಸ್ತಾ ಮಕ್ಕಳ ಕಣ್ಣು ಮುಚ್ಚಿಸಿ ಕೈಗೆ ರಾಗಿ ಅಳೆಯೋ ಬಳ್ಳ ಕೊಟ್ಟು ಆಟ ಆಡಿಸ್ತಿದ್ದೆ, ಸರಿ. ಆಟ ಬೇರೆ, ಪಾಠ ಬೇರೆ! ಹೋದ್ವಾರ ಮೀಟಿಂಗಲ್ಲಿ ಎದ್ದು ನಿಂತು ಮಾಡಿ ತೋರಿಸಿದ್ದು ನಾನು. ನಮ್ಮ ಮ್ಯೂಸಿಯಂ ನೋಡ್ಕೊಳ್ಳೋ ಶಾಂತಲಾ ಮೇಡಂ ಚಪ್ಪಾಳೆ ಹೊಡೆದಿದ್ದು ನಂಗೆ. ಆಮೇಲೆ ಅವರು ಏನೋ ಕೇಳಿದ್ರು, ನಾನು ಏನೋ ಹೇಳ್ದೆ... ಅದೆಲ್ಲಾ ಈಗ್ಯಾಕೆ? ನಾನ್ಯಾರಿಗೂ ಹೆದರಲ್ಲ! ಬೈಯೋದಿದ್ರೆ ಬೈದ್ಬಿಡು.

ಏನದು ಚೀಲದಲ್ಲಿ? ನಂಗಾ? ಮನೆಯಿಂದ ತಂದ್ಯಾ... ಕಣ್ಣು ಮುಚ್ಬೇಕಾ? ನಂಗೇ ಪಾಠನಾ! ಕೊಡು, ನೋಡೇಬಿಡೋಣ.

ಹಗ್ಗ. ಬಲೆ ಥರ ಹೆಣೆದಿದಾರೆ... ಬಟ್ಟಲಿನಂಗೆ ಗುಂಡಗಿದೆ. ಕಟ್ಟಕ್ಕೆ ಎರಡು ದಾರ. ಒಳಗಡೆ ಒರಟು ಒರಟು... ಹ್ಞಾಂ, ಗೊತ್ತಾಯ್ತು ಬಿಡು! ಕುಕ್ಕೆ! ಕಣದಲ್ಲಿ ತೆನೆ ತುಳಿಯೋ ಎತ್ತು ಕಾಳಿಗೆ ಬಾಯಿ ಹಾಕ್ಬಾರ್ದು ಅಂತ ಅದರ ಬಾಯಿಗೆ ಕಟ್ಟೋದು...

ಕೆಂಪಕ್ಕ?

ಇದನ್ನ ಯಾಕ್ ತಂದೆ ಅಂತ ಗೊತ್ತಾಯ್ತು ಬಿಡಕ್ಕ... ಹೌದು! ‘ಈ ಕಣ್ಣು ಮುಚ್ಚಿಸೋ ಪಾಠ ಯಾರು ಹೇಳ್ಕೊಟ್ರು ಆಶಾ’ ಅಂತ ಮೀಟಿಂಗಲ್ಲಿ ಮೇಡಂ ಕೇಳಿದ್ರು. ‘ನಾನೇ ಕಂಡ್ಕೊಂಡೆ’ ಅಂದ್ಬಿಟ್ಟೆ. ನೀನು ಟೀ ತಟ್ಟೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ, ನಿನ್ ಮುಖ ನೋಡ್ಕೊಂಡೇ ಅಂದೆ! ನಾಳೆ ನಿನ್ನೆದುರಿಗೆ ಇನ್ನೊಂದ್ಸಲ ಹಂಗನ್ನಕ್ಕೆ ನನ್ ಕೈಲಾಗಲ್ಲ. ಅದಕ್ಕೇ ರಜಾ. ಸಾಕಾ?

ತಗೋ ನಿನ್ ಕುಕ್ಕೆ. ತಗೋ ಅಂದ್ನಲ್ಲ... ಕೆಂಪಕ್ಕ, ಯಾಕೆ ಕೈ ನೀಡ್ತಿಲ್ಲ?