ಯುಗಾದಿಯ ಕೋಲು, ಶ್ರಾವಣದ ಹೊಳೆ

ಕೂತ್ಕೊಳ್ರಿ, ಕಾಲು ಚಾಚ್ಕೊಳ್ರಿ, ಎಲೆ ಅಡಿಕೆ ಬಾಯಿಗೆ ಹಾಕ್ಕೊಳ್ರಿ. ನಡುನಡುವೆ "ಹೂಂ" ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತೆ, ನಾನು ಎದ್ದು ಮನೆಗೆ ಹೋಗ್ತೀನಿ. ಕರೆದರೂ ಬರೋಳಲ್ಲ.

ಯಾವುದೋ ಒಂದು ಸೀಮೆ, ಹೆಸರು ಅದಕ್ಕೇ ಮರೆತು ಹೋಗಿದೆ. ಆ ಸೀಮೆಗೊಬ್ಬ ರಾಜ, ಸೀಮೆಯ ನಡುವೆ ಒಂದು ಹೊಳೆ. ಈಚೆ ದಡದಲ್ಲಿ ಅರಮನೆ, ಆಚೆ ದಡದಲ್ಲಿ ಏಳು ಹಳ್ಳಿ. ಬೇಸಿಗೆಯಲ್ಲಿ ದಾಟೋದಕ್ಕೆ ಹರಿಗೋಲು. ಶ್ರಾವಣ ಬಂತೋ, ಹೊಳೆ ಹುಚ್ಚು ಹಿಡಿದ ಹಾಗೆ ಹರಿಯೋದು, ಹರಿಗೋಲು ದಡದ ಮೇಲೆ ಬೋರಲು ಮಲಗೋದು.

ಈಚೆ ದಡದಲ್ಲಿ ಚನ್ನಾಜಮ್ಮ ಅಂತ ಒಬ್ಬಳು ಸೂಲಗಿತ್ತಿ. ಅವಳ ಒಬ್ಬಳೇ ಮಗಳು ಬೊಮ್ಮಕ್ಕನನ್ನು ಆಚೆ ದಡಕ್ಕೆ ಕೊಟ್ಟಿತ್ತು. ಆ ಕಡೆಯವರ ಪದ್ಧತಿ ಏನು ಗೊತ್ತಾ? ಬಸುರಿ ಹೊಳೆ ದಾಟಬಾರದು. ತವರಿಗೂ ಇಲ್ಲ, ಎಲ್ಲಿಗೂ ಇಲ್ಲ. ಬೊಮ್ಮಕ್ಕನಿಗೆ ಎರಡು ಸಲ ನೋವು ಬಂತು, ಎರಡು ಸಲವೂ ಶ್ರಾವಣದಲ್ಲೇ ಬಂತು. ಏಳು ಹಳ್ಳಿಯಲ್ಲಿ ಒಬ್ಬ ಸೂಲಗಿತ್ತಿ ಇಲ್ಲ. ಊರಿನ ಕೂಸುಗಳನ್ನೆಲ್ಲ ಹಿಡಿದ ಕೈ ಈಚೆ ದಡದಲ್ಲಿ ಸೆರಗು ಹಿಂಡುತ್ತಾ ನಿಂತಿತ್ತು. ಎರಡು ಕೂಸೂ ಉಳಿಯಲಿಲ್ಲ.

ಆಮೇಲೆ ರಾಜನಿಗೆ ಸೇತುವೆ ಕಟ್ಟಿಸೋ ಮನಸ್ಸಾಯಿತು. ಚನ್ನಾಜಮ್ಮನ ಅಳು ಕೇಳಿ ಅಂದುಕೊಂಡಿರಾ? ಅಲ್ಲ, ಪಕ್ಕದ ಸೀಮೆಯ ರಾಜ ಒಂದು ಕಟ್ಟಿಸಿದ್ದ.

ಅರಮನೆಯಲ್ಲಿ ಒಂದು ಅಳತೆಕೋಲು ಇತ್ತು, ಎರಡಾಳುದ್ದದ ತೇಗದ ಕೋಲು. ವರ್ಷಕ್ಕೆ ಒಂದೇ ದಿನ, ಯುಗಾದಿಯ ದಿನ, ರೇಷ್ಮೆ ಗವಸಿನಿಂದ ಹೊರಗೆ ತೆಗೆಯೋದು. ಗದ್ದೆ, ಕೆರೆ, ಗೋಡೆ ಏನೇ ಅಳೆಯೋದಿದ್ದರೂ ಅವತ್ತೇ. ಅಳತೆಯ ಪಾರುಪತ್ಯಗಾರ ತಿಮ್ಮರಸಯ್ಯ ಬೇವು ಬೆಲ್ಲ ತಿಂದು, ಹೊಸ ಪಂಚೆ ಉಟ್ಟು, ಡೋಲು ಬಡಿಸಿಕೊಂಡು ಬಂದ. ಚೈತ್ರದ ಹೊಳೆ. ಮರಳ ನಡುವೆ ಒಂದಿಷ್ಟು ನೀರು, ನೀರಲ್ಲಿ ನಾಲ್ಕು ಎಮ್ಮೆ.

"ಇಪ್ಪತ್ತು ಕೋಲು!" ಅಂತ ಕೂಗಿ ಬರೆಸಿದ. ಕೋಲು ಗವಸಿಗೆ ಹೋಯಿತು.

ಕೇಳ್ತಿದೀರಾ? ಹೂಂ ಅನ್ನಿ.

ಸೇತುವೆ ಯಾವ ಬಗೆಯದು ಅಂತ ಸಭೆ ಸೇರಿತು. ಮೂವರು ಬಂದರು. ಕಲ್ಲಾಚಾರಿ ಅಂದ, "ಬುದ್ಧಿ, ಕಮಾನು ಕಟ್ಟಿ ನಿಲ್ಲಿಸ್ತೀನಿ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ನಡೀತಾರೆ." ಮರದಾಚಾರಿ ಅಂದ, "ಅಲ್ಲಿವರೆಗೂ ಕಾಯೋರು ಯಾರು ಬುದ್ಧಿ? ನಾನು ನೀರಲ್ಲಿ ಮರದ ಕುದುರೆಕಾಲು ನಿಲ್ಲಿಸಿ ಮೇಲೆ ಹಲಗೆ ಹಾಸಿದರೆ ನೀವೇ ನಡೀಬಹುದು." ಹಗ್ಗದ ಭರಮಣ್ಣ ಅಂದ, "ಇವರಿಬ್ಬರೂ ನೀರಿಗೆ ಕಾಲು ಇಡ್ತಾರೆ. ನಂದು ತೂಗುಸೇತುವೆ, ನೀರನ್ನು ಮುಟ್ಟೋದೇ ಇಲ್ಲ."

ಮೂವರೂ ಮಾದರಿ ತೋರಿಸೋದಕ್ಕೆ ಅಂತ ಗಾಡಿಗಟ್ಟಲೆ ಕಲ್ಲು, ಕುದುರೆಕಾಲು, ಹಲಗೆ, ಹಗ್ಗ ತಂದು ದಡದಲ್ಲಿ ರಾಶಿ ಹಾಕಿದರು. ಮೂವರೂ ಒಬ್ಬರನ್ನೊಬ್ಬರು ಬೈದರು. ಅವರ ಪರವಾಗಿ ಮೂವರು ಮಂತ್ರಿಗಳೂ ಬೈದಾಡಿದರು. ಮಳೆಗಾಲವೆಲ್ಲ ಸಭೆ, ಬಾಗಿಲು ಹಾಕಿಕೊಂಡು ಸಭೆ. ಹೊರಗೆ ಹೊಳೆ ಹೇಗಿದೆ ಅಂತ ಯಾರಾದರೂ ಇಣುಕಿದರಾ? ಇಲ್ಲ. ಮಳೆಯಲ್ಲಿ ಪೇಟ ನೆನೆಯುತ್ತಲ್ಲ!

ಇಣುಕಿ ನೋಡಿದವಳು ಒಬ್ಬಳೇ, ಚನ್ನಾಜಮ್ಮ. ನೆಂದ ಸೀರೆಯಲ್ಲೇ ಸಭೆಗೆ ಬಂದಳು. "ಬುದ್ಧಿ, ಒಂದು ಸಲ ಹೊರಗೆ ಬಂದು ಹೊಳೆ ನೋಡಿ." ತಿಮ್ಮರಸಯ್ಯ ಅಂದ, "ಅಳತೆ ಆಗಿದೆಯಮ್ಮಾ, ಹೋಗು."

ತಿಂಗಳು ಬಿಟ್ಟು ಮತ್ತೆ ಬಂದಳು. "ಬುದ್ಧಿ, ಇಪ್ಪತ್ತು ಸಾಲದು." ತಿಮ್ಮರಸಯ್ಯ ಅಂದ, "ಹೆರಿಗೆ ಮಾಡಿಸೋಳಿಗೆ ಅಳತೆ ಏನು ತಿಳಿಯುತ್ತೆ?"

ಮೂರನೆಯ ಸಲ ಬರುವ ಹೊತ್ತಿಗೆ ಬೊಮ್ಮಕ್ಕ ಮತ್ತೆ ಬಸುರಿ ಅಂತ ಸುದ್ದಿ ಬಂದಿತ್ತು. ಎಣಿಸಿದರೆ ಮತ್ತೆ ಶ್ರಾವಣ. ಚನ್ನಾಜಮ್ಮ ಸಭೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತೇ ಬಿಟ್ಟಳು.

"ಅಲ್ಲ ಸ್ವಾಮೀ, ಮೂರನೇ ತಿಂಗಳ ಬಸುರಿಯ ಸೊಂಟ ಅಳೆದು ಒಂಬತ್ತನೇ ತಿಂಗಳಿಗೆ ಡಾಬು ಮಾಡಿಸ್ತೀರಾ?"

ಸಭೆ ಗೊಳ್ಳಂತ ನಕ್ಕಿತು. ನಕ್ಕವರೇ ಅವಳನ್ನು ಹೊರಗೆ ಕಳಿಸಿದರು.

ಕೊನೆಗೆ ರಾಜ ಒಂದೇ ಪ್ರಶ್ನೆ ಕೇಳಿದ. "ನನ್ನ ಹೆಸರು ಯಾವುದರ ಮೇಲೆ ಚೆನ್ನಾಗಿ ಕೆತ್ತಬಹುದು?" ಹಗ್ಗದ ಮೇಲೆ ಹೆಸರು ಕೆತ್ತೋದು ಹೇಗೆ? ಮರಕ್ಕೆ ಗೆದ್ದಲು. ಕಲ್ಲು ಗೆದ್ದಿತು!

ಸಾವಿರ ಜನ ಕಲ್ಲು ಹೊತ್ತರು. ಮರುವರ್ಷ ಆಷಾಢ ಮುಗಿಯುವ ಮೊದಲು ಸೇತುವೆ ಎದ್ದು ನಿಂತಿತು. ಇಪ್ಪತ್ತು ಕೋಲು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡೂ ಮಗ್ಗುಲಲ್ಲಿ ಮೊಳದುದ್ದದ ಅಕ್ಷರದಲ್ಲಿ ರಾಜನ ಹೆಸರು.

ಶ್ರಾವಣದಲ್ಲಿ ಒಳ್ಳೆಯ ದಿನ ನೋಡಿ ರಾಜ ಆನೆಯ ಮೇಲೆ ದಡಕ್ಕೆ ಬಂದ. ಬಂದು ಏನು ನೋಡಿದ ಹೇಳಿ?

ಸೇತುವೆ ಇತ್ತು, ಹೊಳೆಯ ನಟ್ಟನಡುವೆ. ಈಚೆಗೆ ಇಪ್ಪತ್ತು ಕೋಲು ನೀರು, ಆಚೆಗೆ ಇಪ್ಪತ್ತು ಕೋಲು ನೀರು. ಸೇತುವೆ ಹತ್ತಬೇಕಾದರೆ ಇನ್ನೊಂದು ಸೇತುವೆ ಬೇಕು.

"ಏನಯ್ಯಾ ಇದು?" ಅಂತ ರಾಜ ಗುಡುಗಿದ.

ತಿಮ್ಮರಸಯ್ಯ ಕೈ ಮುಗಿದ. "ಸೇತುವೆ ಸರಿಯಾಗಿದೆ ಪ್ರಭೂ. ಹೊಳೆಯೇ ಅಳತೆ ಮೀರಿದೆ."

"ಹಾಗಾದರೆ ಹೊಳೆಗೆ ದಂಡ ಹಾಕಿ!"

ಎಷ್ಟು ದಂಡ ಅಂತ ಮಂತ್ರಿಗಳು ಚರ್ಚೆ ಶುರು ಮಾಡಿದರು. ಅಷ್ಟರಲ್ಲಿ ಆಚೆ ದಡದ ಹುಣಸೆ ಮರದ ಮೇಲೆ ಕೆಂಪು ಸೀರೆ ಹಾರಿತು. ಬೊಮ್ಮಕ್ಕನಿಗೆ ನೋವು ಬಂದರೆ ಅಳಿಯ ತೋರಿಸಬೇಕಾದ ಗುರುತು ಅದೇ.

ಚನ್ನಾಜಮ್ಮ ಅಳಲಿಲ್ಲ. ಎರಡು ಸಲ ಅತ್ತಿದ್ದಳು, ಅದು ಸಾಕಾಗಿತ್ತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ದಡದಲ್ಲಿ ಹಾಗೇ ಬಿದ್ದಿದ್ದ ಮರ, ಹಗ್ಗದ ರಾಶಿ ನೋಡಿದಳು, ನೀರನ್ನು ನೋಡಿದಳು.

"ಮರದಣ್ಣಾ, ಈಚೆ ಕಡೆ ಹುಲ್ಲುಬಯಲು. ನೀರು ಸೊಂಟದ ಮಟ್ಟ, ಸೆಳೆತವಿಲ್ಲ. ನಿನ್ನ ಕುದುರೆಕಾಲು ಇಲ್ಲಿ ನಿಲ್ಲಿಸು."

ಕಲ್ಲಾಚಾರಿ ಅಡ್ಡ ಬಂದ. "ನನ್ನ ಸೇತುವೆಗೆ ಮರದ ಬಾಲವಾ?"

"ನಿನ್ನ ಸೇತುವೆ ನಡುನೀರಲ್ಲಿ ಜಪ ಮಾಡ್ತಿದೆ ಕಣಯ್ಯಾ! ಬಾ, ಹಲಗೆ ಹಿಡಿ. ನಿನ್ನ ಹೆಂಡತಿಗೆ ಮೂರು ಹೆರಿಗೆ ಮಾಡಿಸಿದೀನಿ, ಎದುರು ಮಾತಾಡಬೇಡ."

ಕಲ್ಲಾಚಾರಿ ಹಲಗೆ ಹಿಡಿದ. ಆ ಊರಲ್ಲಿ ಅವಳ ಕೈಲಿ ಹುಟ್ಟದವರು ಯಾರು? ಎಲ್ಲರೂ ನೀರಿಗೆ ಇಳಿದರು. ಕುದುರೆಕಾಲು ನಿಂತವು, ಹಲಗೆ ಬಿದ್ದವು, ಕಲ್ಲಿನ ಸೇತುವೆ ಸಿಕ್ಕಿತು.

ಆಚೆ ಕಡೆ ನೀರು ಕೊಚ್ಚಿ ಹರಿಯುತ್ತಿತ್ತು. "ಭರಮಣ್ಣಾ, ಇಲ್ಲಿ ಯಾರೂ ಕಾಲು ಊರೋ ಹಾಗಿಲ್ಲ. ಇದು ನಿನ್ನ ಜಾಗ." ಭರಮಣ್ಣ ಕವಣೆಗೆ ದಾರ ಕಟ್ಟಿ ಕಲ್ಲು ಬೀಸಿದ. ಒಂದು ಸಲ ನೀರಿಗೆ ಬಿತ್ತು. ಎರಡನೆಯ ಸಲವೂ ನೀರಿಗೇ. ಮೂರನೆಯ ಸಲ ಅಳಿಯನ ಕಾಲ ಬುಡದಲ್ಲಿ ಬಿತ್ತು. ದಾರದ ಹಿಂದೆ ಹಗ್ಗ ಹೋಯಿತು, ಹಗ್ಗ ಹುಣಸೆ ಮರಕ್ಕೆ ಬಿಗಿಯಿತು, ತೂಗುಸೇತುವೆ ನೀರಿನ ಮೇಲೆ ತೂಗಾಡಿತು.

ಚನ್ನಾಜಮ್ಮ ಮರದ ಮೇಲೆ ನಡೆದಳು, ಕಲ್ಲಿನ ಮೇಲೆ ಓಡಿದಳು, ಹಗ್ಗದ ಮೇಲೆ ತೆವಳಿದಳು. ದೀಪ ಹಚ್ಚುವ ಮೊದಲೇ ಏಳು ಹಳ್ಳಿಗೂ ಕೇಳುವ ಹಾಗೆ ಒಂದು ಹೆಣ್ಣುಕೂಸು ಅತ್ತಿತು.

ಮೂರನೆಯ ದಿನ ರಾಜ ಅದೇ ದಾರಿಯಲ್ಲಿ ಬಂದ. ಆನೆ ಬರಲಿಲ್ಲ. ಮೂರೂ ಬಗೆ ಸೇರಿಸುವುದು ಮೊದಲಿನಿಂದಲೂ ತನ್ನದೇ ಯೋಚನೆ ಅಂತ ಡಂಗುರ ಸಾರಿಸಿಕೊಂಡೇ ಬಂದ. ಬಂದವನು ಎಲ್ಲರೆದುರು ಅಂದ, "ಏನು ಬೇಕೋ ಕೇಳಮ್ಮಾ."

"ತೊಟ್ಟಿಲು ಕಟ್ಟೋದಕ್ಕೆ ಒಂದು ಗಟ್ಟಿ ಕೋಲು ಬೇಕು ಬುದ್ಧಿ. ಅರಮನೆಯ ಅಳತೆಕೋಲು ಕೊಡಿ."

ತಿಮ್ಮರಸಯ್ಯನ ಮುಖ ಕಪ್ಪಿಟ್ಟಿತು. ಆದರೆ ರಾಜ ಆಡಿದ ಮಾತನ್ನು ಎಲ್ಲರೂ ಕೇಳಿದ್ದರು. ಕೋಲು ಬಂತು, ಜಂತಿಗೆ ಏರಿತು, ಅದಕ್ಕೆ ಕಟ್ಟಿದ ತೊಟ್ಟಿಲಲ್ಲಿ ಕೂಸು ತೂಗಿತು.

ಮತ್ತೆ ಯುಗಾದಿ ಬಂತು. ತಿಮ್ಮರಸಯ್ಯ ಹೊಸ ಪಂಚೆ ಉಟ್ಟು, ರೇಷ್ಮೆ ಗವಸು ಹಿಡಿದು, ಡೋಲಿನ ಜೊತೆ ಬೊಮ್ಮಕ್ಕನ ಬಾಗಿಲಿಗೆ ಬಂದ. "ಅಮ್ಮಾ, ಸೀಮೆ ಅಳೀಬೇಕು. ಒಂದು ದಿನಕ್ಕೆ ಕೋಲು ಕೊಡು."

ಮೊಮ್ಮಗಳನ್ನು ತೂಗೋದಕ್ಕೆ ಬಂದಿದ್ದ ಚನ್ನಾಜಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಡೋಲು ನಿಲ್ಲಿಸು. ಕೂಸು ಮಲಗಿದೆ, ಶ್ರಾವಣಕ್ಕೆ ಬಾ."

ಬೇರೆ ಕೋಲು ಮಾಡಿಸಬಹುದಿತ್ತಲ್ಲ ಅಂತೀರಾ? ಹೊಸ ಕೋಲನ್ನು ಯಾವುದರಿಂದ ಅಳೆಯೋದು ಅಂತ ಸಭೆ ಸೇರಿತು, ಇನ್ನೂ ಎದ್ದಿಲ್ಲ. ಶ್ರಾವಣದಲ್ಲಿ ಕೂಸು ಪುಟ್ಟ ಹೆಜ್ಜೆ ಇಟ್ಟು ತೊಟ್ಟಿಲು ಬಿಟ್ಟಿತು, ಕೋಲು ಸಿಕ್ಕಿತು. ತಿಮ್ಮರಸಯ್ಯ ಹೊಸ ಪಂಚೆ ಎತ್ತಿ ಕಟ್ಟಿಕೊಂಡು ಜನ್ಮದಲ್ಲಿ ಮೊದಲ ಸಲ ತುಂಬಿದ ಹೊಳೆಗೆ ಕಾಲಿಟ್ಟ. ಮಳೆಯಲ್ಲಿ ತೊಯ್ದು, ನಡುಗುತ್ತಾ, ಅಳೆದು ಕೂಗಿದ: "ಅರವತ್ತು ಕೋಲು!"

ದಡದಿಂದ ಚನ್ನಾಜಮ್ಮ ಹೂಂ ಅಂದಳು.

ಅವಳ ಹೂಂ ಅಲ್ಲಿಗೆ, ನಿಮ್ಮ ಹೂಂ ಇಲ್ಲಿಗೆ. ಎಚ್ಚರ ಇದ್ದವರು ಆಚೆ ದಡ ಸೇರಿದರು. ತೂಕಡಿಸಿದವರು ನಡುಸೇತುವೆಯಲ್ಲೇ ಇರಲಿ, ನಾನಂತೂ ಮನೆಗೆ ಹೊರಟೆ.