ತವುಡು ಎಲ್ಲಿ ಹೋತು?

ಈ ಸಭೆಯ ಅಧ್ಯಕ್ಷತೆಯನ್ನು ವಹಿಸಿರುವ, ನಮ್ಮ ಸೆಕ್ಟರಿನ ಮಹಿಳಾ ಸಂಘದ ಹಿರಿಯರಾದ ಸಾವಿತ್ರೆವ್ವನವರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮೂರನೇ ಸಾಲಿನಲ್ಲಿ ಕುಳಿತು ಈಗಿನಿಂದಲೇ ನಗುತ್ತಿರುವ ನನ್ನ ಗೆಳೆಯ ಅಯೂಬನೇ, ಮುಂದಿನ ಸಾಲಿನಲ್ಲಿ ಬಾಯಿಗೆ ಸೆರಗು ಹಿಡಿದು ಕುಳಿತಿರುವ ನಮ್ಮ ಮನೆಯವರೇ, ನವನಗರದ ತಾಯಂದಿರೇ, ಸಭಿಕರೇ.

ಸನ್ಮಾನಕ್ಕಿಂತ ಮೊದಲೇ ಮಾತಾಡುತ್ತೇನೆಂದು ನಾನು ಹಟ ಹಿಡಿದದ್ದಕ್ಕೆ ಸಾವಿತ್ರೆವ್ವನವರಿಗೆ ಬೇಸರವಾಗಿದೆ. ಶಾಲು ಮೇಜಿನ ಮೇಲಿದೆ, ಹಣ್ಣಿನ ಬುಟ್ಟಿಯಿದೆ, ಮಾನಪತ್ರಕ್ಕೆ ಗಾಜು ಹಾಕಿಸಿದ್ದಾರೆ. ಅದರಾಗ ಏನು ಬರದಾರ ಅನ್ನೂದನ್ನ ನಾ ಹೊರಗ ಕುಂತಾಗನ ಓದಿಸಿ ಕೇಳೇನಿ. "ನಲವತ್ತು ವರ್ಷಗಳಿಂದ ಇಡೀ ಗೋದಿಯ ಹಿಟ್ಟನ್ನೇ ಉಂಡು, ಊರಿಗೂ ಉಣಿಸಿದ ಗಿರಣಿ ಮಾಲೀಕರಾದ ಶ್ರೀ ಅಮಾತೆಪ್ಪನವರು." ಭಾಳ ಚಂದ ಬರದಾರ. ಆದರ ಅದರಾಗ ಒಂದು ಮಾತು ಸುಳ್ಳು ಐತಿ. ಅದನ್ನ ಹೇಳಲಾರದ ಶಾಲು ಹೊದಿಸಿಕೊಂಡೆ ಅಂದ್ರ, ನಾಳೆ ಗಿರಣಿ ಬಾಗಿಲಾ ತಗಿಯಾಕ ನನಗ ಮುಖ ಇರೂದಿಲ್ಲ.

ಇರಲಿ, ಮೊದಲು ವಿಷಯ. ನನಗೆ ಕೊಟ್ಟ ವಿಷಯ, "ಇಡೀ ಗೋದಿ ಹಿಟ್ಟು, ಮೈದಾ ಮತ್ತು ಸಾರವರ್ಧಿತ ಹಿಟ್ಟು: ಇವುಗಳ ವ್ಯತ್ಯಾಸ." ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುವ ನನ್ನ ಸೊಸೆ ರಾಜಶ್ರೀ ಚೀಟಿ ಬರೆದುಕೊಟ್ಟಿದ್ದಾಳೆ. ಚಸಮಾ ಮನೆಯಲ್ಲಿ ಉಳಿದಿದೆ. ಆದ್ದರಿಂದ ನೆನಪಿದ್ದಷ್ಟು ಹೇಳುತ್ತೇನೆ.

ಗೋದಿಯ ಕಾಳಿನಲ್ಲಿ ಏನೇನಿದೆ? ಹೊರಗೆ ಸಿಪ್ಪೆ, ಅದೇ ತವುಡು. ತುದಿಗೆ ಮೊಳಕೆ ಒಡೆಯುವ ಸಣ್ಣ ಬೀಜ. ಉಳಿದದ್ದು ಹೊಟ್ಟೆಯೊಳಗಿನ ಬಿಳಿ ಭಾಗ. ಮೂರನ್ನೂ ಕೂಡಿಸಿ ಬೀಸಿದರೆ ಇಡೀ ಗೋದಿ ಹಿಟ್ಟು. ಕಂದು ಬಣ್ಣ, ಸ್ವಲ್ಪ ಒರಟು, ನಾರು ಹೆಚ್ಚು. ಆ ಬೀಜದಾಗ ಎಣ್ಣಿ ಇರತೈತಿ, ಅದಕ್ಕ ಭಾಳ ದಿನಾ ಇಟ್ರ ಕಮಟ ಹಿಡಿತೈತಿ. ತವುಡನ್ನೂ ಬೀಜವನ್ನೂ ತೆಗೆದು, ಬರೀ ಬಿಳಿ ಭಾಗವನ್ನು ಸಣ್ಣಗೆ ಬೀಸಿದರೆ ಮೈದಾ. ನೋಡಲು ಚಂದ, ಹಿಗ್ಗಿಸಿದಷ್ಟೂ ಹಿಗ್ಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಯಾಕ ಕೆಡಬೇಕ್ರಿ? ಕೆಡುವಂಥಾದ್ದು ಅದರಾಗ ಏನ ಉಳದೈತಿ?

ಇನ್ನು ಮೂರನೆಯದು, ಸಾರವರ್ಧಿತ ಹಿಟ್ಟು. ಸಾರ ಎಲ್ಲಾ ತಗದು, ಆಮ್ಯಾಲ ಅಯ್ಯೋ ಪಾಪ ಅಂತ ಕಬ್ಬಿಣದ ಅಂಶಾ, ಒಂದೀಟು ಜೀವಸತ್ವ ಹೊರಗಿಂದ ಕೂಡಿಸಿದ ಹಿಟ್ಟು. ಇದರ ಹೆಸರು ಮದಲ ಕೇಳಿದಾಗ ನನಗ ಸಿಟ್ಟು ಬಂದಿತ್ತು. ಕಬ್ಬಿಣಾ ಬೇಕಂದ್ರ ನಮ್ಮ ಗಿರಣಿಗೆ ಬರ್ರಿ, ಗಿರಣಿನ ಕಬ್ಬಿಣದ್ದೈತಿ, ಮೊಳಿ ಸಡ್ಲಾದ ದಿನಾ ಇನ್ನೂ ಹೆಚ್ಚು ಸಿಗತೈತಿ ಅಂದಿದ್ದೆ. ರಾಜಶ್ರೀ ಎರಡು ದಿನಾ ನನ್ನ ಕೂಡ ಮಾತಾಡಲಿಲ್ಲ. ಸಾರ ತೆಗೆದ ಹಿಟ್ಟಿಗೆ ಸಾರ ಕೂಡಿಸುವುದು ಒಳ್ಳೆಯದೇ, ರಕ್ತ ಕಡಿಮೆಯಿದ್ದವರಿಗೆ ಅನುಕೂಲ ಎಂದು ಆಕೆಯ ಚೀಟಿಯಲ್ಲಿದೆ. ಅದನ್ನೂ ಹೇಳಿದ್ದೇನೆ. ಆದರೆ ತೆಗೆದ ನಾರು ಮಾತ್ರ ತಿರುಗಿ ಬರುವುದಿಲ್ಲ.

ನಮ್ಮ ಗಿರಣಿ ಹಳೇ ಬಾಗಲಕೋಟಿಯಾಗಿತ್ತು. ಡ್ಯಾಮಿನ ಹಿನ್ನೀರು ಬಂದು ಊರು ಮುಳುಗಿದಾಗ ಎರಡೂ ಕಲ್ಲು ಟ್ರ್ಯಾಕ್ಟರಿನಾಗ ಹೇರಿಕೊಂಡು ನವನಗರಕ್ಕ ಬಂದ್ವಿ. ಬಂದ ದಿನಾನ ನಾ ಬೋರ್ಡು ಹಚ್ಚಿದೆ: "ಇಡೀ ಗೋದಿ ಉಣ್ಣಿರಿ, ದವಾಖಾನಿ ಮರೀರಿ." ಗಿರಣಿಗೆ ಬಂದ ತಾಯಂದಿರು ಗೋದಿ ಮ್ಯಾಲ ಗೋದಿ ಬರಲಿ ಅಂತ ಪಾಳೇದಾಗ ಕಾಯ್ತೀರಿ. ಜ್ವಾಳದ ಹಿಂದ ನಿಮ್ಮ ಗೋದಿ ಹಾಕಿದ್ರ ಮದಲಿನ ಹಿಡಿ ಹಿಟ್ಟು ಕೂಡಿಬಿಡತೈತಿ ಅಂತ ನಿಮಗ ಗೊತ್ತು. ಆ ಕಾಯೂ ಹೊತ್ತಿನಾಗ ನಾ ನಿಮಗ ಎಷ್ಟು ಉಪದೇಶಾ ಮಾಡೇನಿ? ಜರಡಿ ಹಿಡಿಬ್ಯಾಡ್ರಿ, ತವುಡು ಚೆಲ್ಲಬ್ಯಾಡ್ರಿ ಅಂತ ಎಷ್ಟು ಮಂದೀನ ಬೈದೇನಿ? ಮೈದಾ ಪರೋಟಾ ತಿಂದಿದ್ದಕ್ಕ ಈ ಅಯೂಬಗ ಕೂಡಿದ ಮಂದ್ಯಾಗ ಬೈದೇನಿ. ಅಯೂಬನೂ ಗಿರಣಿ ಮಾಲಕನ, ನಮ್ಮಿಂದ ಎರಡು ಓಣಿ ದೂರ.

ಕಳದ ವರ್ಷ ನಮ್ಮ ಮನಿಯವರು ಬಾದಾಮಿಯಿಂದ ಮಹಾಕೂಟಕ್ಕ ಗುಡ್ಡದ ಹಾದಿಲೆ ನಡಕೊಂತ ಹೋದ್ರು. ವಯಸ್ಸು ಅರವತ್ತೊಂದು. ನಾ ಆಟೋದಾಗ ಹೋಗಿ, ಇಳದು, ಕಟ್ಟಿ ಮ್ಯಾಲ ಕುಂತು ತೇಕಾಕತ್ತಿದ್ದೆ. "ನೋಡ್ರೆಪಾ, ನನ್ನ ಗಿರಣಿ ಹಿಟ್ಟಿನ ಶಕ್ತಿ," ಅಂತ ಅಕಿನ್ನ ತೋರಿಸಿ ಮಂದಿಗೆ ಹೇಳಿದೆ. ಹಂಗಾದ್ರ ನನಗ್ಯಾಕ ಶಕ್ತಿ ಬಂದಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಕೊಳ್ಳಲಿಲ್ಲ.

ಈಗ ಆ ಸುಳ್ಳಿನ ಮಾತಿಗೆ ಬರ್ತೇನಿ. ನಮ್ಮ ಮನಿಯವರು, ಗುರುಲಿಂಗವ್ವ, ಈ ತಿಂಗಳು ತಮ್ಮನ ಮಗಳ ಮದುವಿ ಅಂತ ಹದಿನೈದು ದಿನಾ ತವರಮನಿ ಹುನಗುಂದಕ್ಕ ಹೋಗಿದ್ರು. ರಾಜಶ್ರೀ ಅಡಿಗಿ ಮಾಡಿದ್ಲು. ಮದಲನೇ ದಿನಾನ ಚಪಾತಿ ಬಾಯಾಗ ಇಟ್ಟೆ, ಇಳಿವಲ್ದು. ಒರಟು ಅಂದ್ರ ಒರಟು. ಆ ವಾರ ನಮ್ಮ ಗಿರಣಿ ಬೆಲ್ಟು ಹರಿದು ಎರಡು ದಿನಾ ಬಂದ್ ಇತ್ತು. ಸೊಸಿ ಅಯೂಬನ ಗಿರಣಿಯಾಗ ಬೀಸಿಸ್ಯಾಳ ಅಂತ ತಿಳದು, ಒಂದು ಡಬ್ಬಿ ಹಿಟ್ಟು ತುಂಬಿಕೊಂಡು, ಅರ್ಧಾ ಚಪಾತಿ ಕೈಯಾಗ ಹಿಡಕೊಂಡು ಅಂವನ ಗಿರಣಿಗೆ ಹೋದೆ.

"ಏನಲೇ ಅಯೂಬ, ಇದೇನು ಹಿಟ್ಟೋ ದನದ ಮೇವೋ?" ಅಂತ ಪಾಳೇದಾಗ ನಿಂತ ಮಂದಿ ಮುಂದ ಕೇಳಿದೆ.

ಅಂವ ಸಿಟ್ಟಾಗಲಿಲ್ಲ. ಒಂದು ಚಿಟಿಗಿ ಹಿಟ್ಟು ತಗೊಂಡು ಹೆಬ್ಬೆಟ್ಟಿನಾಗ ತಿಕ್ಕಿ ನೋಡಿದ. ಬೀಸೂ ಕಸಬಿನವರಿಗೆ ಹಿಟ್ಟು ಮುಟ್ಟಿದ್ರ ಯಾವ ಗಿರಣಿ ಕಲ್ಲು ಅನ್ನೂದು ತಿಳಿತೈತಿ. "ಕಾಕಾ, ಇದು ನಿಮ್ಮ ಕಲ್ಲಿನ ಹಿಟ್ಟು," ಅಂದ. "ಹಿಟ್ಟು ಚಲೋ ಐತಿ. ನೀವು ಇದನ್ನ ಇಷ್ಟು ದಿನಾ ತಿಂದಿಲ್ಲೇನ್ರಿ?"

ಪಾಳೇದಾಗ ನಿಂತವರೊಳಗ ಇವತ್ತು ಇಲ್ಲಿ ಕುಂತವರೂ ಅದೀರಿ. ನಗ್ರಿ, ಅಡ್ಡಿ ಇಲ್ಲ.

ಮನಿಗೆ ಬಂದು ಸೊಸೀನ್ನ ಕೇಳಿದೆ. "ಹಿಟ್ಟು ನಮ್ಮದ ರೀ ಮಾವಾರ. ಅತ್ತಿಯವರು ದಿನಾ ಸೋಸ್ತಾರ, ನನಗ ಕಾಲೇಜಿಗೆ ಹೊತ್ತಾಗತೈತಿ, ನಾ ಸೋಸಿಲ್ಲ," ಅಂದ್ಲು. ಕಪಾಟಿನಿಂದ ಒಂದು ಹಳೇ ಬಟ್ಟಿ ತುಂಡು, ಸೋಸೂ ಅರಬಿ, ತಗದು ತೋರಿಸಿದ್ಲು. ಹೋಳಿಗಿ ಕಣಕಕ್ಕ ನಮ್ಮ ಕಡೆ ಪಾತೇಲಿ ಬಾಯಿಗೆ ಅರಬಿ ಕಟ್ಟಿ ಹಿಟ್ಟು ಸೋಸ್ತಾರ, ನಿಮಗೆಲ್ಲಾ ಗೊತ್ತಿದ್ದದ್ದ. ಅದು ವರ್ಷಕ್ಕ ಎರಡು ಮೂರು ಹಬ್ಬಕ್ಕ. ನಮ್ಮ ಮನಿಯಾಗ ಅದು ದಿನಾ ನಡದಿತ್ತು, ನಲವತ್ತು ವರ್ಷ. ಊರಿಗೆಲ್ಲಾ ಇಡೀ ಗೋದಿ ಉಣ್ರಿ ಅಂತ ಬೈದ ನಾ, ಮನಿಯಾಗ ತವುಡು ತಗದ ಹಿಟ್ಟು ಉಂಡು ಬಂದಿದ್ದೆ. ಮೈದಾಕ್ಕೂ ನನ್ನ ಚಪಾತಿಗೂ ಹೆಸರಿನಾಗಷ್ಟ ಫರಕಿತ್ತು.

ಆ ಅರಬಿ ತುಂಡಿಗೆ ಒಂದು ದಡಿ ಇತ್ತು. ದಡಿ ನೋಡಿ ಗುರ್ತು ಹತ್ತಿತು. ಮದುವಿ ಆದ ಹೊಸದಾಗಿ ನಾ ಇಳಕಲ್ಲಿಗೆ ಬಸ್ಸಿನಾಗ ಹೋಗಿ, ನೇಕಾರರ ಮನಿಯಾಗ ಕುಂತು ಆರಿಸಿ ತಂದ ಸೀರಿ ಅದು. ಆ ಸೀರಿ ಎಲ್ಲೈತಿ ಅಂತ ನಾ ಎಷ್ಟೋ ಸಲ ಕೇಳೇನಿ. "ಐತ್ರಿ, ಒಳಗ ಐತಿ," ಅಂತಿದ್ಲು. ಒಂದು ತುಂಡು ಹರದ ಮ್ಯಾಲ ಇನ್ನೊಂದು ತುಂಡು ಕತ್ತರಿಸಿ, ಇಡೀ ಸೀರಿ ನನ್ನ ಹಿಟ್ಟಿಗೆ ಸವದಿತ್ತು.

ನಿನ್ನೆ ಅಕಿ ಹುನಗುಂದದಿಂದ ಬಂದ ಕೂಡಲೆ ಕೇಳಿದೆ, ಯಾಕ ಹಿಂಗ ಮಾಡಿದಿ ಅಂತ. "ಮದುವಿ ಆಗಿ ಎಂಟನೇ ದಿನಾ ನಿಮ್ಮವ್ವನ ಮುಂದ ತಾಟು ಸರಿಸಿ, ಚಪಾತಿ ಗಂಟಲಾಗ ಇಳಿವಲ್ದು ಅಂದ್ರಿ. ಅವತ್ತಿಂದ ಸೋಸಿದೆ," ಅಂದ್ಲು. ನನಗ ಆ ಮಾತು ನೆನಪಿಲ್ಲ. ಅಕಿಗೆ ವಾರಾನೂ ನೆನಪೈತಿ.

"ನನಗ ಹೇಳಬಾರದಾಗಿತ್ತೇನು?" ಅಂದೆ.

"ಹೇಳಿದ್ರ ನೀವು ಬೋರ್ಡು ಇಳಿಸಿಬಿಡ್ತಿದ್ರಿ. ಬೋರ್ಡು ನೋಡಿ ಮಂದಿ ಬರ್ತಿದ್ರು."

"ಮತ್ತ ತವುಡು ಎಲ್ಲಿ ಹೋತು?"

"ಚೆಲ್ಲಬ್ಯಾಡ್ರಿ ಅಂತ ನೀವ ಮಂದಿಗೆ ಹೇಳ್ತಿದ್ರಿ. ಜ್ವಾಳದ ಹಿಟ್ಟಿನಾಗ ಕಲಸಿ, ನಾನ ರೊಟ್ಟಿ ಬಡಕೊಂಡು ತಿಂದೆ."

ಸಭಿಕರೇ, ಇಡೀ ಊರಾಗ ನನ್ನ ಉಪದೇಶಾ ಕೇಳಿದವರು ಒಬ್ಬರ. ಅಕಿಗೆ ಸಕ್ಕರಿ ಬ್ಯಾನಿ ಇಲ್ಲ, ಬಿ.ಪಿ. ಇಲ್ಲ, ಗುಡ್ಡಾ ಹತ್ತತಾಳ. ನನಗ ಮುಂಜಾನೆ ಸಕ್ಕರಿ ಗುಳಿಗಿ, ಮಧ್ಯಾಹ್ನ ಶಕ್ತಿ ಗುಳಿಗಿ, ಸಂಜೀಕ ಬಿ.ಪಿ. ಗುಳಿಗಿ. ಸಾರ ತಗದು, ಆಮ್ಯಾಲ ಹೊರಗಿಂದ ಸಾರ ಕೂಡಿಸಿದ ಹಿಟ್ಟು ಹ್ಯಾಂಗಿರತೈತಿ ಅಂತ ಯಾರಿಗರೆ ಸಂಶೆ ಇದ್ರ ನನ್ನನ್ನ ನೋಡ್ರಿ. ಇನ್ನು ಯಾವ ಚೀಟಿನೂ ಬೇಕಾಗಿಲ್ಲ.

"ಸುಮ್ಮನ ಶಾಲು ಹೊದಿಸಿಕೊಂಡು ಬರ್ರಿ, ಹೆಚ್ಚಿಗೆ ಮಾತಾಡಬ್ಯಾಡ್ರಿ," ಅಂತ ಇವತ್ತು ಮುಂಜಾನೆ ಅಕಿ ನನಗ ತಾಕೀತು ಮಾಡ್ಯಾಳ. ಈಗ ಸೆರಗಿನ ಹಿಂದ ನನಗ ಬೈಯಾಕತ್ಯಾಳ, ಇಲ್ಲಿಂದನ ಕಾಣತೈತಿ. ಬೈಯವ್ವಾ, ಬೈ. ನಲವತ್ತು ವರ್ಷದ್ದು ಬಾಕಿ ಐತಿ. ಇವತ್ತಿಂದ ಹಿಟ್ಟು ಸೋಸಬ್ಯಾಡ. ಗಂಟಲಾಗ ಇಳೀಲಿಲ್ಲ ಅಂದ್ರ ನೀರು ಕುಡದು ಇಳಸ್ತೇನಿ, ತಾಟು ಸರಿಸೂದಿಲ್ಲ. ಆ ದಿನದ ಮಾತು ನಂದು ತಪ್ಪು.

ಸಾವಿತ್ರೆವ್ವನವರೇ, ಮಾನಪತ್ರದಲ್ಲಿ "ಉಣಿಸಿದ" ಎಂಬುದು ನಿಜ, "ಉಂಡು" ಎಂಬುದು ಸುಳ್ಳು. ಆ ಮಾತಿನ ಕೆಳಗೆ ಗುರುಲಿಂಗವ್ವ ಎಂದು ಬರೆಸಿರಿ. ಹಣ್ಣಿನ ಬುಟ್ಟಿ ಅಯೂಬನಿಗೆ ಕೊಡಿರಿ, ಅವನಿಗೆ ಮಂದಿಯ ಮುಂದೆ ಬೈದಿದ್ದೇನೆ. ಇಷ್ಟು ಹೊತ್ತು ನನ್ನ ಮಾನ ಹೋಗುವುದನ್ನು ಶಾಂತವಾಗಿ ಕೇಳಿದ ನಿಮಗೆಲ್ಲ ಕೃತಜ್ಞತೆಗಳು.

ಇನ್ನು ಶಾಲು. ಈಗಷ್ಟ ಮುಟ್ಟಿ ನೋಡಿದೆ, ಭಾಳ ದಪ್ಪೈತಿ, ಇದರಾಗ ಹಿಟ್ಟು ಸೋಸಾಕ ಬರೂದಿಲ್ಲ. ಅದಕ್ಕ ಧೈರ್ಯಲೆ ಕೇಳ್ತೇನಿ, ಇದನ್ನ ಅಕಿಗೆ ಹೊದಿಸ್ರಿ. ನಮಸ್ಕಾರ.