ನಾನು ತಡೆದ ಪೆನಾಲ್ಟಿ

ವೇದಿಕೆಯ ಮೇಲಿರುವ ನಮ್ಮ ಹೋಲ್ಟ್‌ಬೆಕ್ ಕ್ರೀಡಾ ಸಂಘದ ಅಧ್ಯಕ್ಷರಾದ ಆಲ್ಫೋನ್ಸ್ ಟೀಮನ್ ಅವರೇ, ಪುರಸಭೆಯ ಅಧ್ಯಕ್ಷೆಯವರೇ, ಮೇಲಿನ ದರ್ಜೆ ತಪ್ಪಿದವರು ಏರಿದವರಿಗೆ ಬಿಯರ್ ಒಯ್ಯುವ ಪದ್ಧತಿ ಬಿಡದೆ ಕ್ರೇಟು ಹೊತ್ತು ಬಂದಿರುವ ಪಕ್ಕದ ಆಸ್ಟರ್‌ರೋಡೆ ಸಂಘದ ಅಧ್ಯಕ್ಷರಾದ ಉಡೋ ಬ್ರಾಕ್‌ಮನ್ ಅವರೇ, ನನ್ನ ಆಟಗಾರರೇ, ಸಾಸೇಜು ತಣ್ಣಗಾಗುತ್ತಿದೆಯೆಂದು ಆಗಲೇ ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಹನ್ನೊಂದು ವರ್ಷಗಳ ನಂತರ ನಮ್ಮ ಫುಟ್‌ಬಾಲ್ ತಂಡ ಲೀಗ್‌ನ ಮೇಲಿನ ದರ್ಜೆಗೆ ಏರಿತೆಂದು ಕೋಚ್ ಆದ ನನಗೆ ಈ ಸನ್ಮಾನ. ಆಲ್ಫೋನ್ಸ್ ಅವರು ನನ್ನ ಬಗ್ಗೆ ಹದಿನೈದು ನಿಮಿಷ ಮಾತಾಡಿದರು. ಬಹಳಷ್ಟು ನಿಜವೇ. ಅವರಿಗೆ ಗೊತ್ತಿಲ್ಲದ್ದನ್ನು ನಾನು ಹೇಳುತ್ತೇನೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನ ಭಾಷಣ ಹೇಗಿರುತ್ತದೆ? ಹೀಗಿರುತ್ತದೆ, ಬರೆದುಕೊಂಡು ಬಂದಿಲ್ಲ.

ನಾನು ಗೋಲ್‌ಕೀಪರ್ ಆದದ್ದು ಪ್ರತಿಭೆಯಿಂದಲ್ಲ. ಹತ್ತು ವರ್ಷದವನಿದ್ದಾಗ ಇದೇ ಆಲ್ಫೋನ್ಸ್ ನನ್ನ ಕಾಲರ್ ಹಿಡಿದು ಎರಡು ಕಂಬಗಳ ನಡುವೆ ನಿಲ್ಲಿಸಿದರು. "ನಿನ್ನನ್ನ ಓಡೋಕೆ ಬಿಟ್ರೆ ಚೆಂಡು ಬಿಟ್ಟು ಆಸ್ಟರ್‌ರೋಡೆಗೇ ಓಡ್ಹೋಗ್ತೀಯ ಕಣೋ ಹಿನ್ನೆರ್ಕ್. ಇಲ್ಲಿ ನಿಂತ್ಕೊ. ಅಲ್ಲಾಡ್ಬೇಡ" ಎಂದರು. ಶಾಲೆಯಲ್ಲಿ ನಿಲ್ಲಲಿಲ್ಲ, ಬಡಗಿಯ ಹತ್ತಿರ ನಿಲ್ಲಲಿಲ್ಲ, ಈಗಿನ ಛಾವಣಿಗೆ ಹಂಚು ಹೊದಿಸುವ ಕೆಲಸದಲ್ಲೂ ಇವರು ನನಗೆ ಮೂರನೇ ಮಾಲೀಕರು. ಆ ಎರಡು ಕಂಬಗಳ ನಡುವೆ ಮಾತ್ರ ಹದಿನಾಲ್ಕು ವರ್ಷ ನಿಂತೆ.

ಇಪ್ಪತ್ನಾಲ್ಕಕ್ಕೆ ಮೊಣಕಾಲು ಹೋಯಿತು. ವೈದ್ಯರು ಇನ್ನು ಆಡಬೇಡ ಎಂದ ದಿನ ಸಿಟ್ಟಿನಲ್ಲಿ ಸಂಘದ ಕಚೇರಿಗೆ ಬಂದು, ನಮ್ಮ ಕಾರ್ಯದರ್ಶಿ ವಾಲ್ಟ್ರಾಡಮ್ಮನಿಗೆ ಆಟಗಾರನಾಗಿ ನನ್ನ ನೋಂದಣಿಯನ್ನೇ ರದ್ದು ಮಾಡಿಸಿ ಎಂದೆ. "ಯೋಚ್ನೆ ಮಾಡು ಮಗಾ, ಇರ್ಲಿ ಬಿಡು, ಅದೇನು ಅನ್ನ ಕೇಳುತ್ತಾ?" ಎಂದರು. ನಾನು ಕೇಳಲಿಲ್ಲ, ರದ್ದು ಮಾಡಿಸಿಯೇ ಬಿಟ್ಟೆ. ಮುಂದಿನ ವರ್ಷ ಕೋಚ್ ಆದೆ. ಒಳ್ಳೆಯ ಕೋಚ್ ಆದೆ, ಅದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ. ಆಟವನ್ನೆಲ್ಲ ಹಿಂದೆ ನಿಂತು ನೋಡಿದವನಿಗೆ ಯಾರು ಎಲ್ಲಿ ಸೋಮಾರಿತನ ಮಾಡುತ್ತಾರೆಂದು ಚೆನ್ನಾಗಿ ಗೊತ್ತಿರುತ್ತದೆ. ಹೌದೋ ಅಲ್ಲವೋ ಎಂದು ನಮ್ಮ ರಕ್ಷಣಾ ಆಟಗಾರರನ್ನು ಕೇಳಿ.

ಈಗ ಮೂರು ವಾರದ ಹಿಂದಿನ ಕೊನೆಯ ಪಂದ್ಯಕ್ಕೆ ಬರುತ್ತೇನೆ. ಎದುರಾಳಿ ಆಸ್ಟರ್‌ರೋಡೆ. ಸಮ ಮಾಡಿಕೊಂಡರೆ ನಾವು ಮೇಲಕ್ಕೆ, ಗೆದ್ದರೆ ಅವರು. ಆಟಕ್ಕೆ ಮುಂಚಿನ ಅಭ್ಯಾಸದಲ್ಲಿ ನಮ್ಮ ಗೋಲ್‌ಕೀಪರ್ ಮಲ್ಟೆಯ ಬೆರಳಿನ ಕೀಲು ತಪ್ಪಿತು. ಇನ್ನೊಬ್ಬ ಗೋಲ್‌ಕೀಪರ್ ಎಲ್ಲಿದ್ದ? ರಜೆ ಹಾಕಿ ಸ್ಪೇನಿನ ಮಯೋರ್ಕಾ ಸಮುದ್ರತೀರದಲ್ಲಿ. ಋತು ಮುಗಿಯುವ ಮೊದಲೇ ಟಿಕೆಟ್ ತೆಗೆಸುವ ಬುದ್ಧಿವಂತರು ನಮ್ಮ ದರ್ಜೆಯಲ್ಲಿ ಮಾತ್ರ ಸಿಗುತ್ತಾರೆ.

ನಾನು ಮಲ್ಟೆಯ ಕೈಗವಸು ಹಾಕಿಕೊಂಡೆ. ನೀವೆಲ್ಲ ಕೂಗಿದಿರಿ. ಆ ಕೂಗು ಹೇಗಿತ್ತೆಂದು ನಿಮಗೆ ಗೊತ್ತಿಲ್ಲ, ಅದನ್ನು ಕೇಳಿಸಿಕೊಂಡವನು ನಾನು.

ರೆಫರಿ ನನ್ನ ಹೆಸರು ಹುಡುಕಿದರು, ಪಟ್ಟಿಯಲ್ಲಿರಲಿಲ್ಲ. "ಗುರುತಿನ ಚೀಟಿ ಇದ್ಯಾ? ಸರಿ, ನೋಂದಣಿ ಪತ್ರ ಆಮೇಲೆ ಕಳ್ಸಿ, ಇಲ್ಲೊಂದು ಸಹಿ ಹಾಕಿ" ಎಂದರು. ನಮ್ಮಲ್ಲಿ ನಡೆಯುವುದೇ ಹೀಗೆ, ಸಹಿ ಹಾಕಿದವನನ್ನು ನಂಬುತ್ತಾರೆ. ಸಹಿಯ ಮೇಲಿನ ಸಾಲು ಹೀಗಿತ್ತು: ಆಡಲು ನನಗೆ ಅರ್ಹತೆ ಇದೆ. ಪಕ್ಕದಲ್ಲಿದ್ದ ವಾಲ್ಟ್ರಾಡಮ್ಮ "ಹಿನ್ನೆರ್ಕ್, ನಿನ್ನ ನೋಂದಣಿ…" ಎಂದರು. "ಆಮೇಲೆ ನೋಡೋಣ ಬಿಡಮ್ಮ" ಎಂದೆ. ಆ ಸಾಲನ್ನು ಎರಡು ಸಲ ಓದಿಯೇ ಸಹಿ ಹಾಕಿದೆ. ಶಾಲೆ ಬಿಟ್ಟವನಾದರೂ ಅಷ್ಟು ಓದಲು ಬರುತ್ತದೆ.

ದಯವಿಟ್ಟು ಕುಳಿತುಕೊಳ್ಳಿ ಆಲ್ಫೋನ್ಸ್. ಇನ್ನು ಸ್ವಲ್ಪವೇ ಇದೆ.

ಎಂಬತ್ನಾಲ್ಕನೇ ನಿಮಿಷ, ಎರಡೂ ಕಡೆ ಒಂದೊಂದು ಗೋಲು, ಅವರಿಗೆ ಪೆನಾಲ್ಟಿ. ಒದೆಯಲು ಬಂದವರು ಕಾರ್ಸ್ಟನ್. ಎರಡೂ ಊರಿಗೆ ಬೆಳಗ್ಗೆ ಬ್ರೆಡ್ಡು ಕೊಡುವ ಬೇಕರಿಯ ಕಾರ್ಸ್ಟನ್. ನಾನು ಬಲಕ್ಕೆ ಹಾರಿ ಹಿಡಿದೆ. ಪತ್ರಿಕೆಯಲ್ಲಿ ಬಂದ ಆ ಚಿತ್ರವೇ ನನ್ನ ಹಿಂದೆ ಗೋಡೆಯ ಮೇಲಿದೆ.

ಪಂದ್ಯ ಸಮವಾಗಿಯೇ ಮುಗಿದ ಮೇಲೆ ಬ್ರಾಕ್‌ಮನ್ ಅವರು ನನ್ನ ಬೆನ್ನು ತಟ್ಟಿ, "ಕಾಲು ಹೋಗಿದೆ ಅಂದಿದ್ಯಲ್ಲೋ ತಮ್ಮ, ಅದೇ ಕಾಲಲ್ಲಿ ನಮ್ಮ ಹೊಟ್ಟೆ ಮೇಲೆ ಹೊಡೆದ್ಯಲ್ಲ" ಎಂದು ನಕ್ಕರು. ನಾನೂ ನಕ್ಕೆ. ಲೀಗ್‌ನವರು ನೋಂದಣಿ ಪತ್ರ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಆಮೇಲೆ ಬೇಕರಿಯಲ್ಲಿ ಶುರುವಾಯಿತು. ನಮ್ಮೂರಿನವರೊಬ್ಬರೂ ಕಾರ್ಸ್ಟನ್ ಅವರನ್ನು ಕೆಣಕದೆ ಬಿಡಲಿಲ್ಲ. ನಾನೇ ಹೋದ ಶನಿವಾರ ಸಾಲಿನಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, "ನಾಲ್ಕು ಬನ್ನು ಕೊಡಪ್ಪ ಕಾರ್ಸ್ಟನ್. ಬಲಗಡೆ ಎಸೀಬೇಡ, ಹಿಡ್ಕೊಂಬಿಡ್ತೀನಿ" ಎಂದೆ. ಅಂಗಡಿಯೆಲ್ಲ ನಕ್ಕಿತು. ಅವರು ಬನ್ನು ಕಟ್ಟಿಕೊಡುತ್ತಾ ಹೇಳಿದರು: "ಅನ್ನು ಮಾರಾಯ. ನೀನು ನ್ಯಾಯವಾಗಿ ಹಿಡಿದೆ, ಅನ್ನೋ ಹಕ್ಕಿದೆ ನಿಂಗೆ." ಸೋಮವಾರದಿಂದ ಅವರು ಅಂಗಡಿಯ ಮುಂದೆ ಕಾಣಿಸುತ್ತಿಲ್ಲ. ಹೆಂಡತಿ ಮಾರುತ್ತಾರೆ, ಅವರು ಒಳಗೆ ಒಲೆಯ ಹತ್ತಿರವೇ ಇರುತ್ತಾರೆ.

ನ್ಯಾಯವಾಗಿ ಎಂಬ ಆ ಮಾತನ್ನು ಇಟ್ಟುಕೊಂಡು ನಾನೇನು ಮಾಡಲಿ, ಸಭಿಕರೇ?

ಮಾಡಿದ್ದು ಇದು. ನಡೆದದ್ದನ್ನು ಬರೆದು ಲೀಗ್‌ಗೆ ಕಳಿಸಿದ್ದೇನೆ. ನೋಂದಣಿಯಿಲ್ಲದವನು ಆಡಿದ್ದರಿಂದ ಪಂದ್ಯ ಆಸ್ಟರ್‌ರೋಡೆಗೆ ಹೋಗುತ್ತದೆ, ಮೇಲಿನ ದರ್ಜೆಯೂ ಅವರಿಗೇ. ಬ್ರಾಕ್‌ಮನ್ ಅವರೇ, ನಾಳೆ ಕ್ರೇಟು ಹೊತ್ತುಕೊಂಡು ನಿಮ್ಮೂರಿಗೆ ಬರಬೇಕಾದವರು ನಾವು. ನನ್ನನ್ನು ಎಷ್ಟು ತಿಂಗಳು ಹೊರಗಿಡುತ್ತಾರೋ ಗೊತ್ತಿಲ್ಲ. ವಾಲ್ಟ್ರಾಡಮ್ಮ ಬಾಯಿಬಿಟ್ಟು ಎಚ್ಚರಿಸಿದವರು, ಅವರನ್ನು ಯಾರೂ ಒಂದು ಮಾತು ಅನ್ನಬಾರದು.

ನನ್ನ ಆಟಗಾರರೇ, ಹತ್ತು ತಿಂಗಳು ಕೆಸರಲ್ಲಿ ಬಿದ್ದವರು ನೀವು. ಅದನ್ನು ಒಂದು ಸಹಿಯಲ್ಲಿ ಕಳೆದವನು ನಾನು. ಮಯೋರ್ಕಾಕ್ಕೆ ಹೋದವನೂ ನಿಮಗೆ ಇಷ್ಟು ಅನ್ಯಾಯ ಮಾಡಲಿಲ್ಲ. ಬೈಯಿರಿ, ಮುಖಕ್ಕೇ ಬೈಯಿರಿ. ಆದರೆ ಮುಂದಿನ ವರ್ಷ ಈ ತಂಡ ಮೇಲೇರುತ್ತದೆ, ನಾನು ಇದ್ದರೂ ಇಲ್ಲದಿದ್ದರೂ. ಅಷ್ಟು ಚೆನ್ನಾಗಿ ಕಲಿಸಿದ್ದೇನೆ, ಆ ಮಾತು ವಾಪಸು ತೆಗೆದುಕೊಳ್ಳುವುದಿಲ್ಲ.

ಕೊನೆಯದಾಗಿ ಒಂದು. ಆ ಪತ್ರವನ್ನು ಮೊದಲು ನಿಮಗೆ ತಿಳಿಸಿ, ಆಮೇಲೆ ಅಂಚೆಗೆ ಹಾಕುವುದೇ ಮರ್ಯಾದೆ. ನಾನು ಹಾಗೆ ಮಾಡಲಿಲ್ಲ. ಇವತ್ತು ಮಧ್ಯಾಹ್ನವೇ ಹಾಕಿಬಿಟ್ಟೆ. ಯಾಕೆಂದರೆ ಈ ಸಭೆಯ ಚಪ್ಪಾಳೆ ಕೇಳಿದ ಮೇಲೆ ಅದು ನನ್ನ ಜೇಬಿನಲ್ಲೇ ಉಳಿಯುತ್ತಿತ್ತು. ನನ್ನನ್ನು ನಾನು ಅಷ್ಟು ಬಲ್ಲೆ.

ತಾಳ್ಮೆಯಿಂದ ಕೇಳಿದ್ದಕ್ಕೆ, ಇಷ್ಟು ವರ್ಷ ನಿಲ್ಲಲು ಜಾಗ ಕೊಟ್ಟಿದ್ದಕ್ಕೆ ನಿಮಗೆಲ್ಲ ವಂದನೆ. ನಮಸ್ಕಾರ.